ಎರಡು ದೋಣಿಗಳ ಮೇಲೆ ಕಾಲಿಟ್ಟ ಬೇಬ್ ರೂತ್

1948ರ ಜೂನ್ 13. ನ್ಯೂಯಾರ್ಕ್‌ನ ಯಾಂಕೀ ಕ್ರೀಡಾಂಗಣಕ್ಕೆ 25 ವರ್ಷ ತುಂಬಿದ ಸಂಭ್ರಮ. ಕ್ಯಾನ್ಸರ್‌ನಿಂದ ಸೊರಗಿಹೋಗಿದ್ದ ಒಬ್ಬ ವ್ಯಕ್ತಿ, ಈಗ ಮೈಗೆ ಸಡಿಲವಾಗಿದ್ದ ತನ್ನ ಹಳೆಯ ಸಮವಸ್ತ್ರ ತೊಟ್ಟು ಮೈದಾನಕ್ಕೆ ಬಂದರು. ಬೆನ್ನ ಮೇಲೆ 3 ಎಂಬ ಅಂಕಿ. ಕೈಯಲ್ಲಿದ್ದ ದಾಂಡೇ ಊರುಗೋಲು. ಪತ್ರಿಕಾ ಛಾಯಾಗ್ರಾಹಕ ನ್ಯಾಟ್ ಫೈನ್ ಅವರು ಹಿಂದಿನಿಂದ ತೆಗೆದ ಆ ಚಿತ್ರಕ್ಕೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಅಂದು ಆ ಅಂಕಿಗೂ ಶಾಶ್ವತ ವಿಶ್ರಾಂತಿ ನೀಡಲಾಯಿತು. ಎರಡು ತಿಂಗಳ ಬಳಿಕ ಆ ವ್ಯಕ್ತಿ ಕಣ್ಮುಚ್ಚಿದರು.

ಅವರೇ ಬೇಬ್ ರೂತ್. ಅಮೆರಿಕದ ಬೇಸ್‌ಬಾಲ್ ಕಂಡ ಅತಿ ದೊಡ್ಡ ಹೆಸರು. ಆ ಪ್ರಸಿದ್ಧ ಚಿತ್ರದಲ್ಲಿ ದಾಂಡು ಇದೆ, ಚೆಂಡಿಲ್ಲ. ಜಗತ್ತು ರೂತ್ ಅವರನ್ನು ನೆನಪಿನಲ್ಲಿ ಉಳಿಸಿಕೊಂಡಿರುವುದೂ ಹಾಗೆಯೇ. 714 ಬಾರಿ ಚೆಂಡನ್ನು ಬೇಲಿಯಾಚೆ ಅಟ್ಟಿದ ದಾಂಡಿಗ ಎಂದರೆ ಯಾರಿಗಾದರೂ ತಿಳಿದೀತು. ಆದರೆ ವೃತ್ತಿಬದುಕಿನ ಮೊದಲ ವರ್ಷಗಳಲ್ಲಿ ಅವರಿಗೆ ಅನ್ನ ಕೊಟ್ಟದ್ದು ದಾಂಡಲ್ಲ, ಚೆಂಡು. ಅವರ ಕಾಲದ ಅತ್ಯುತ್ತಮ ಎಡಗೈ ಎಸೆತಗಾರರಲ್ಲಿ ಅವರೂ ಒಬ್ಬರು. ಎರಡೂ ಬಲ್ಲವರು ಒಂದನ್ನು ಬಿಡಬೇಕಾಗಿ ಬಂದದ್ದು ಅವರ ಬದುಕಿನ ತಿರುವು.

ಆಟದ ಲೆಕ್ಕಾಚಾರ

ಕ್ರಿಕೆಟ್ ಬಲ್ಲ ಓದುಗರಿಗೆ ಇದರಲ್ಲೇನು ವಿಶೇಷ ಎನಿಸಬಹುದು. ಆಲ್‌ರೌಂಡರ್‌ಗಳು ಕ್ರಿಕೆಟ್‌ನಲ್ಲಿ ಎಲ್ಲ ಕಾಲದಲ್ಲೂ ಇದ್ದಾರೆ. ಒಂದು ತುದಿಯಿಂದ ಒಬ್ಬ, ಇನ್ನೊಂದು ತುದಿಯಿಂದ ಮತ್ತೊಬ್ಬ ಬೌಲ್ ಮಾಡುವ ಆಟವದು. ನಡುವೆ ಉಸಿರಾಡಲು ಬಿಡುವುಂಟು. ಬೇಸ್‌ಬಾಲ್‌ನ ರೀತಿ ಬೇರೆ. ಅಲ್ಲಿ ಎಸೆತಗಾರ ಅಂದರೆ ಪಿಚರ್ ಒಬ್ಬನೇ ನಿರಂತರವಾಗಿ ಎಸೆಯುತ್ತಾನೆ. ರೂತ್ ಅವರ ಕಾಲದಲ್ಲಿ ಪಂದ್ಯ ಆರಂಭಿಸಿದ ಪಿಚರ್ ಬಹುಮಟ್ಟಿಗೆ ಒಂಬತ್ತೂ ಇನ್ನಿಂಗ್ಸ್ ಮುಗಿಸಿಯೇ ಮೈದಾನ ಬಿಡುತ್ತಿದ್ದ. ಹಾಗೆ ಎಸೆದ ತೋಳಿಗೆ ಮೂರು ನಾಲ್ಕು ದಿನಗಳ ವಿಶ್ರಾಂತಿ ಬೇಕು. ಉಳಿದ ಎಂಟು ಮಂದಿ ನಿತ್ಯವೂ ಆಡುತ್ತಾರೆ.

ಅಂದಿನ ಪೂರ್ಣ ಋತುವಿನಲ್ಲಿ ಒಂದು ತಂಡಕ್ಕೆ 154 ಪಂದ್ಯಗಳು. ಪಿಚರ್ ಆಡುತ್ತಿದ್ದುದು ಅದರಲ್ಲಿ ನಲವತ್ತರ ಆಸುಪಾಸು. ಅವನೂ ದಾಂಡು ಹಿಡಿಯಬೇಕಿತ್ತು, ನಿಜ. ಆದರೆ ಸಾಮಾನ್ಯವಾಗಿ ಕಟ್ಟಕಡೆಯವನಾಗಿ, ಒಂಬತ್ತನೆಯ ಕ್ರಮಾಂಕದಲ್ಲಿ. ಅವನಿಂದ ಯಾರೂ ಹೆಚ್ಚಿನದನ್ನು ನಿರೀಕ್ಷಿಸುತ್ತಿರಲಿಲ್ಲ. ಇಂಥ ಆಟದಲ್ಲಿ ಪಿಚರ್ ಆದವನೇ ತಂಡದ ಅತ್ಯುತ್ತಮ ದಾಂಡಿಗನೂ ಆಗಿಬಿಟ್ಟರೆ? ನಾಲ್ಕರಲ್ಲಿ ಮೂರು ದಿನ ಅವನ ದಾಂಡು ಮೂಲೆಯಲ್ಲಿ ಒರಗಿರುತ್ತದೆ. ನಿತ್ಯವೂ ಆಡಿಸಿದರೆ ತೋಳು ದಣಿಯುತ್ತದೆ. ರೂತ್ ಅವರು ಬಾಸ್ಟನ್ ನಗರದ ರೆಡ್ ಸಾಕ್ಸ್ ತಂಡದ ಮುಂದಿಟ್ಟದ್ದು ಇದೇ ಇಕ್ಕಟ್ಟನ್ನು.

ಸುಧಾರಣಾ ಶಾಲೆಯ ಹುಡುಗ

ಜಾರ್ಜ್ ಹರ್ಮನ್ ರೂತ್ ಹುಟ್ಟಿದ್ದು 1895ರ ಫೆಬ್ರುವರಿ 6ರಂದು, ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದಲ್ಲಿ. ಜರ್ಮನ್ ಮೂಲದ ಕುಟುಂಬ. ತಂದೆ ಮದ್ಯದಂಗಡಿ ನಡೆಸುತ್ತಿದ್ದರು. ತಾಯಿ ಕ್ಯಾಥರೀನ್ ಹೆತ್ತ ಎಂಟು ಮಕ್ಕಳಲ್ಲಿ ಬದುಕುಳಿದದ್ದು ಇಬ್ಬರೇ: ಜಾರ್ಜ್ ಮತ್ತು ತಂಗಿ ಮೇಮಿ. ತಂದೆತಾಯಿಗೆ ದುಡಿಮೆಯೇ ಹಗಲಿರುಳಿನ ಪಾಡು. ಹುಡುಗ ಬೀದಿಯ ಪಾಲಾದ. ಅವನನ್ನು ಹದ್ದಿನಲ್ಲಿಡಲಾಗದ ಹೆತ್ತವರು 1902ರಲ್ಲಿ, ಏಳನೆಯ ವಯಸ್ಸಿಗೆ, ಸೇಂಟ್ ಮೇರೀಸ್ ಇಂಡಸ್ಟ್ರಿಯಲ್ ಶಾಲೆಗೆ ಒಪ್ಪಿಸಿದರು. ಅನಾಥರು, ಬಡವರು, ದಾರಿತಪ್ಪಿದವರು ಎಂದು ಹಣೆಪಟ್ಟಿ ಹಚ್ಚಿಸಿಕೊಂಡ ಬಾಲಕರನ್ನು ಕ್ಯಾಥೊಲಿಕ್ ಸಹೋದರರು ಅಲ್ಲಿ ಸಾಕಿ ಕೆಲಸ ಕಲಿಸುತ್ತಿದ್ದರು. ನಡುವೆ ಕೆಲವು ಸಲ ಮನೆಗೆ ಹೋಗಿಬಂದರೂ ಮುಂದಿನ ಹನ್ನೆರಡು ವರ್ಷಗಳ ಬಹುಭಾಗ ಅಲ್ಲಿಯೇ ಕಳೆಯಿತು. ಜಾರ್ಜ್ ಕಲಿತ ಕಸುಬು ಅಂಗಿ ಹೊಲಿಯುವುದು.

ಆ ಶಾಲೆಯಲ್ಲಿ ಶಿಸ್ತಿನ ಹೊಣೆ ಹೊತ್ತಿದ್ದವರು ಬ್ರದರ್ ಮಥಾಯಸ್. ಆಜಾನುಬಾಹು. ಅವರು ಒಂದೇ ಕೈಯಲ್ಲಿ ದಾಂಡು ಬೀಸಿ ಚೆಂಡನ್ನು ಆಕಾಶಕ್ಕೆ ಅಟ್ಟುವುದನ್ನು ಹುಡುಗ ಬೆರಗಾಗಿ ನೋಡುತ್ತಿದ್ದ. ಅವರ ನಡಿಗೆಯನ್ನೂ ಅನುಕರಿಸಿದ. ತನ್ನ ಬದುಕಿನಲ್ಲಿ ಕಂಡ ಅತಿ ದೊಡ್ಡ ಮನುಷ್ಯ ಅವರೇ ಎಂದು ರೂತ್ ಕೊನೆಯವರೆಗೂ ಸ್ಮರಿಸುತ್ತಿದ್ದರು.

ಶಾಲೆಯ ತಂಡದಲ್ಲಿ ಜಾರ್ಜ್ ಮೊದಲು ವಿಕೆಟ್‌ಕೀಪರ್‌ನಂತೆ ದಾಂಡಿಗನ ಹಿಂದೆ ಕೂರುವ ಕ್ಯಾಚರ್ ಆಗಿದ್ದ. ಹುಟ್ಟು ಎಡಚ. ಎಡಚರಿಗೆ ಒಗ್ಗುವ ಕೈಗವಸು ಶಾಲೆಯಲ್ಲಿರಲಿಲ್ಲ. ಇದ್ದ ಗವಸನ್ನೇ ಎಡಗೈಗೆ ತೊಟ್ಟು ಚೆಂಡು ಹಿಡಿದು, ಕ್ಷಣಾರ್ಧದಲ್ಲಿ ಗವಸು ಕಳಚಿ, ಅದೇ ಎಡಗೈಯಲ್ಲಿ ಎಸೆಯುತ್ತಿದ್ದ. ಒಮ್ಮೆ ತನ್ನ ತಂಡದ ಪಿಚರ್ ಸೋಲುತ್ತಿದ್ದುದನ್ನು ಕಂಡು ಗೇಲಿ ಮಾಡಿ ನಕ್ಕಾಗ, ಹಾಗಾದರೆ ನೀನೇ ಎಸೆದು ತೋರಿಸು ಎಂದು ಬ್ರದರ್ ಮಥಾಯಸ್ ಚೆಂಡು ಕೊಟ್ಟರಂತೆ. ಶಿಕ್ಷೆಯಾಗಿ ಸಿಕ್ಕ ಆ ಕೆಲಸವೇ ಮುಂದೆ ಬದುಕಿಗೆ ದಾರಿಯಾಯಿತು.

ಬಾಸ್ಟನ್‌ನ ಎಡಗೈ

1914ರ ಫೆಬ್ರುವರಿಯಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಒಡೆಯ ಜ್ಯಾಕ್ ಡನ್ ಈ ಹುಡುಗನನ್ನು ತಂಡಕ್ಕೆ ಸೇರಿಸಿಕೊಂಡರು. ಶಾಲೆಯಿಂದ ಹೊರಬರಲು ಪೋಷಕರೊಬ್ಬರು ಬೇಕಿತ್ತು. ಡನ್ ಕಾನೂನುಬದ್ಧ ಪೋಷಕರಾದರು. ಡನ್ ಅವರ ಹೊಸ ಹಸುಗೂಸು ಎಂದು ತಂಡದವರು ಛೇಡಿಸಿದರು. ಹಸುಗೂಸು ಎಂಬ ಅರ್ಥದ ಬೇಬ್ ಎಂಬ ಹೆಸರು ಅಂದಿನಿಂದ ಅಂಟಿಕೊಂಡಿತು.

ಆ ವರ್ಷ ಬಾಲ್ಟಿಮೋರ್‌ನಲ್ಲಿ ಪ್ರತಿಸ್ಪರ್ಧಿ ಲೀಗ್‌ನ ಮತ್ತೊಂದು ತಂಡ ಹುಟ್ಟಿಕೊಂಡು ಪ್ರೇಕ್ಷಕರನ್ನೆಲ್ಲ ಸೆಳೆಯಿತು. ನಷ್ಟಕ್ಕೆ ಸಿಲುಕಿದ ಡನ್ ಆಟಗಾರರನ್ನು ಮಾರತೊಡಗಿದರು. ಹೀಗೆ ರೂತ್ ಜುಲೈನಲ್ಲಿ ರೆಡ್ ಸಾಕ್ಸ್ ಪಾಲಾದರು. ಜುಲೈ 11ರಂದು ಫೆನ್‌ವೇ ಪಾರ್ಕ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿರುದ್ಧ ಆಡಿದ ಮೊದಲ ಪಂದ್ಯದಲ್ಲೇ ಗೆಲುವು. ಅದೇ ಅಕ್ಟೋಬರ್‌ನಲ್ಲಿ ಹೆಲೆನ್ ವುಡ್‌ಫರ್ಡ್ ಅವರೊಂದಿಗೆ ಮದುವೆ. ವರನಿಗೆ ಹತ್ತೊಂಬತ್ತು ವರ್ಷ.

ಮುಂದಿನ ಮೂರು ಋತುಗಳು ಪಿಚರ್ ರೂತ್ ಅವರವು. 1915ರಲ್ಲಿ 18 ಗೆಲುವು. 1916ರಲ್ಲಿ 23. ಆ ವರ್ಷ ಒಂಬತ್ತು ಪಂದ್ಯಗಳಲ್ಲಿ ಎದುರಾಳಿಗಳಿಗೆ ಒಂದೇ ಒಂದು ರನ್ನನ್ನೂ ಕೊಡಲಿಲ್ಲ. ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್‌ಗಳ ಸರಾಸರಿ 1.75, ಇಡೀ ಅಮೆರಿಕನ್ ಲೀಗ್‌ನಲ್ಲೇ ಕನಿಷ್ಠ. ಅದೇ ವರ್ಷದ ವಿಶ್ವ ಸರಣಿಯಲ್ಲಿ ಬ್ರೂಕ್ಲಿನ್ ವಿರುದ್ಧದ ಪಂದ್ಯ 14 ಇನ್ನಿಂಗ್ಸ್‌ವರೆಗೆ ಬೆಳೆಯಿತು. ಅಷ್ಟನ್ನೂ ರೂತ್ ಒಬ್ಬರೇ ಎಸೆದು 2–1ರಿಂದ ತಂಡವನ್ನು ಗೆಲ್ಲಿಸಿದರು. 1917ರಲ್ಲಿ 24 ಗೆಲುವು.

ಪ್ರತಿಭೆಯ ಜೊತೆಗೇ ಮುಂಗೋಪವೂ ಇತ್ತು. 1917ರ ಜೂನ್ 23ರಂದು ವಾಷಿಂಗ್ಟನ್ ವಿರುದ್ಧ ಮೊದಲ ದಾಂಡಿಗನಿಗೆ ಎಸೆದ ಚೆಂಡುಗಳ ತೀರ್ಪಿನ ಬಗ್ಗೆ ಅಂಪೈರ್ ಜತೆ ಜಗಳ ತೆಗೆದು ಕೈಯನ್ನೇ ಎತ್ತಿದರು. ಮೈದಾನದಿಂದ ಹೊರಗಟ್ಟಲಾಯಿತು. ಹತ್ತು ಪಂದ್ಯಗಳ ನಿಷೇಧ, 100 ಡಾಲರ್ ದಂಡ.

ದಾಂಡಿನ ಸೆಳೆತ

ಈ ನಡುವೆ ಇನ್ನೊಂದು ಸಂಗತಿ ಎಲ್ಲರ ಕಣ್ಣಿಗೆ ಬೀಳುತ್ತಿತ್ತು. 1915ರ ಮೇ 6ರಂದು ನ್ಯೂಯಾರ್ಕ್‌ನ ಪೋಲೊ ಗ್ರೌಂಡ್ಸ್‌ನಲ್ಲಿ ಯಾಂಕೀಸ್ ವಿರುದ್ಧ ರೂತ್ ತಮ್ಮ ಮೊದಲ ಹೋಮ್ ರನ್ ಹೊಡೆದಿದ್ದರು. ಹೋಮ್ ರನ್ ಎಂದರೆ ಕ್ರಿಕೆಟ್‌ನ ಸಿಕ್ಸರ್‌ಗೆ ಸಮೀಪದ್ದು. ಅಂದಿನ ಬೇಸ್‌ಬಾಲ್‌ನಲ್ಲಿ ಅದು ಅಪರೂಪ. ಆ ವರ್ಷ ಅಮೆರಿಕನ್ ಲೀಗ್‌ನಲ್ಲಿ ಅತಿ ಹೆಚ್ಚು ಹೋಮ್ ರನ್ ಗಳಿಸಿದವರ ಲೆಕ್ಕ ಕೇವಲ ಏಳು. ಪಿಚರ್ ಆಗಿ ಆಗೊಮ್ಮೆ ಈಗೊಮ್ಮೆ ದಾಂಡು ಹಿಡಿದ ರೂತ್ ನಾಲ್ಕು ಗಳಿಸಿದ್ದರು.

1918ರಲ್ಲಿ ಮೊದಲ ಮಹಾಯುದ್ಧ ತಂಡಗಳನ್ನು ಬರಿದು ಮಾಡಿತು. ರೆಡ್ ಸಾಕ್ಸ್‌ನ ಹಲವರು ಸೇನೆಗೆ ಹೋದರು. ಹೊಸ ಮ್ಯಾನೇಜರ್ ಎಡ್ ಬ್ಯಾರೊ ಅವರಿಗೆ ಆಟಗಾರರ ಕೊರತೆ. ರೂತ್ ಅವರನ್ನು ನಿತ್ಯವೂ ಆಡಿಸಿ ಎಂದು ತಂಡದ ಹಿರಿಯ ಹ್ಯಾರಿ ಹೂಪರ್ ಒತ್ತಾಯಿಸಿದರು. ಬ್ಯಾರೊ ಹಿಂಜರಿದರು. ನಾಡಿನ ಅತ್ಯುತ್ತಮ ಎಡಗೈ ಪಿಚರ್‌ನನ್ನು ಕೆಡಿಸಿದ ಅಪಕೀರ್ತಿ ಹೊರಲು ಯಾರು ತಾನೆ ಬಯಸಿಯಾರು? ಕೊನೆಗೂ ಒಪ್ಪಿದರು. 1918ರ ಮೇ 6ರಂದು, ಮೊದಲ ಹೋಮ್ ರನ್ ಹೊಡೆದು ಸರಿಯಾಗಿ ಮೂರು ವರ್ಷಕ್ಕೆ, ಅದೇ ಪೋಲೊ ಗ್ರೌಂಡ್ಸ್‌ನಲ್ಲಿ, ಅದೇ ಯಾಂಕೀಸ್ ವಿರುದ್ಧ ರೂತ್ ಮೊದಲ ಬಾರಿಗೆ ಪಿಚರ್ ಅಲ್ಲದೆ ಫೀಲ್ಡರ್ ಆಗಿ ಕಣಕ್ಕಿಳಿದರು. ಅಂದೂ ಒಂದು ಹೋಮ್ ರನ್!

ದಾಂಡಿನ ರುಚಿ ಹತ್ತಿದ ಮೇಲೆ ಚೆಂಡು ಭಾರವಾಯಿತು. ನಿತ್ಯ ಆಡುತ್ತಲೇ ನಾಲ್ಕು ದಿನಕ್ಕೊಮ್ಮೆ ಎಸೆಯುವುದು ತಮ್ಮಿಂದಾಗದು ಎಂದು ರೂತ್ ಹೇಳತೊಡಗಿದರು. ಎಸೆಯುವ ಸರದಿ ಬಂದಾಗ ಮಣಿಕಟ್ಟು ನೋವೆಂದು ತಪ್ಪಿಸಿಕೊಂಡರು. ಜುಲೈನಲ್ಲಿ ಬ್ಯಾರೊ ಜತೆ ಮಾತಿಗೆ ಮಾತು ಬೆಳೆದು, ತಂಡವನ್ನೇ ತೊರೆದು ಪೆನ್ಸಿಲ್ವೇನಿಯಾದ ಹಡಗುಕಟ್ಟೆಯೊಂದರ ತಂಡ ಸೇರಲು ಹೊರಟುಬಿಟ್ಟರು. ಕೆಲವೇ ದಿನಗಳಲ್ಲಿ ರಾಜಿಯಾಗಿ ಮರಳಿದರು, ಮತ್ತೆ ಎಸೆದರು. ಆ ಮೊಟಕುಗೊಂಡ ಋತುವಿನ ಕೊನೆಗೆ ಅವರ ಹೆಸರಿನಲ್ಲಿ ಪಿಚರ್ ಆಗಿ 13 ಗೆಲುವುಗಳೂ ದಾಂಡಿಗನಾಗಿ 11 ಹೋಮ್ ರನ್‌ಗಳೂ ಇದ್ದವು. ಹೋಮ್ ರನ್‌ನಲ್ಲಿ ಲೀಗ್‌ನ ಅಗ್ರಸ್ಥಾನ ಮತ್ತೊಬ್ಬರೊಂದಿಗೆ ಸಮನಾಗಿ ಹಂಚಿಕೆಯಾಯಿತು.

ಅದೇ ಸೆಪ್ಟೆಂಬರ್‌ನ ವಿಶ್ವ ಸರಣಿಯಲ್ಲಿ ಷಿಕಾಗೊ ಕಬ್ಸ್ ವಿರುದ್ಧ ರೂತ್ ಎಸೆದ ಎರಡೂ ಪಂದ್ಯಗಳು ಬಾಸ್ಟನ್‌ಗೆ ಒಲಿದವು. ಅದರಲ್ಲಿ ಎರಡನೆಯದರಲ್ಲಿ ತಮ್ಮದೇ ಹೊಡೆತದಿಂದ ಎರಡು ರನ್ ತಂದುಕೊಟ್ಟರು. 1916ರಿಂದ ಲೆಕ್ಕ ಹಿಡಿದರೆ ವಿಶ್ವ ಸರಣಿಗಳಲ್ಲಿ ಸತತವಾಗಿ 29ಕ್ಕೂ ಹೆಚ್ಚು ಇನ್ನಿಂಗ್ಸ್‌ಗಳಲ್ಲಿ ಅವರ ಎಸೆತಕ್ಕೆ ಯಾರೂ ರನ್ ಗಳಿಸಿರಲಿಲ್ಲ. ಹೋಮ್ ರನ್‌ಗಳ ಸಾಮ್ರಾಟನಾದ ಮೇಲೂ ರೂತ್ ಹೆಚ್ಚು ಹೆಮ್ಮೆಪಡುತ್ತಿದ್ದುದು ಈ ದಾಖಲೆಯ ಬಗ್ಗೆ.

ಆ ಗೆಲುವಿಗೆ ಕೆಲವೇ ದಿನಗಳ ಮುನ್ನ ಮನೆಯಲ್ಲಿ ಸಾವಾಗಿತ್ತು. ಆಗಸ್ಟ್ ಕೊನೆಯಲ್ಲಿ ತಂದೆ ತಮ್ಮ ಮದ್ಯದಂಗಡಿಯ ಹೊರಗೆ ನಡೆದ ಹೊಡೆದಾಟದಲ್ಲಿ ಮಡಿದಿದ್ದರು. ತಾಯಿ 1912ರಲ್ಲೇ ತೀರಿಕೊಂಡಿದ್ದರು.

ಬಾಸ್ಟನ್ ಬಿಟ್ಟ ಮೇಲೆ

1919ರಲ್ಲಿ ರೂತ್ ಎಸೆದದ್ದು 17 ಪಂದ್ಯಗಳಲ್ಲಿ ಮಾತ್ರ. ಗೆಲುವು ಒಂಬತ್ತು. ದಾಂಡಿನಿಂದ 29 ಹೋಮ್ ರನ್ ಹೊಮ್ಮಿದವು. 1884ರಿಂದ ಉಳಿದಿದ್ದ 27ರ ದಾಖಲೆ ಮುರಿಯಿತು. ತಮ್ಮ 10,000 ಡಾಲರ್ ವಾರ್ಷಿಕ ಸಂಬಳವನ್ನು ದುಪ್ಪಟ್ಟು ಮಾಡಬೇಕೆಂದು ರೂತ್ ಪಟ್ಟು ಹಿಡಿದರು. ತಂಡದ ಒಡೆಯ ಹ್ಯಾರಿ ಫ್ರೇಜಿ ನಾಟಕ ನಿರ್ಮಾಪಕರು, ಕೈ ಬಿಗಿಯಾಗಿತ್ತು. 1919ರ ಡಿಸೆಂಬರ್‌ನಲ್ಲಿ 1,00,000 ಡಾಲರ್‌ಗೆ ರೂತ್ ಅವರನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿದರು. ಫೆನ್‌ವೇ ಪಾರ್ಕ್ ಅಡವಿಟ್ಟು 3,00,000 ಡಾಲರ್ ಸಾಲವನ್ನೂ ಪಡೆದರು. ರೂತ್ ಇದ್ದಾಗ ಮೂರು ಬಾರಿ ವಿಶ್ವ ಸರಣಿ ಗೆದ್ದ ಬಾಸ್ಟನ್, ಮತ್ತೆ ಗೆದ್ದದ್ದು 2004ರಲ್ಲಿ. 86 ವರ್ಷಗಳ ಆ ಬರವನ್ನು ಅಲ್ಲಿನ ಜನ ರೂತ್ ಶಾಪವೆಂದೇ ಕರೆದರು.

ನ್ಯೂಯಾರ್ಕ್‌ನಲ್ಲಿ ಚೆಂಡಿಗೂ ರೂತ್‌ಗೂ ನಂಟು ಬಹುತೇಕ ಕಡಿಯಿತು. ಯಾಂಕೀಸ್‌ಗೆ ಬೇಕಿದ್ದುದು ನಿತ್ಯವೂ ಜನರನ್ನು ಸೆಳೆಯುವ ದಾಂಡು. 1920ರಲ್ಲಿ ರೂತ್ 54 ಹೋಮ್ ರನ್ ಹೊಡೆದರು. ಎರಡನೆಯ ಸ್ಥಾನದಲ್ಲಿದ್ದವರ ಗಳಿಕೆ 19. ಆ ಋತುವಿನಲ್ಲಿ ಯಾಂಕೀಸ್ ಪಂದ್ಯಗಳಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಬಂದರು. ಬೇಸ್‌ಬಾಲ್‌ನಲ್ಲಿ ಅದು ಮೊದಲು. ಬಾಡಿಗೆ ಮೈದಾನದಲ್ಲಿ ಆಡುತ್ತಿದ್ದ ತಂಡ 1923ರಲ್ಲಿ ಸ್ವಂತ ಕ್ರೀಡಾಂಗಣ ಕಟ್ಟಿಸಿತು. ಅದು ರೂತ್ ಕಟ್ಟಿದ ಮನೆ ಎಂದು ಹೆಸರಾಯಿತು. ಉದ್ಘಾಟನೆಯ ದಿನ ಅಲ್ಲಿ ಮೊದಲ ಹೋಮ್ ರನ್ ಹೊಡೆದವರೂ ಅವರೇ. 1927ರಲ್ಲಿ 60 ಹೋಮ್ ರನ್. ಆ ದಾಖಲೆ 34 ವರ್ಷ ಅಚಲವಾಗಿತ್ತು. ಆಟದ ಸ್ವರೂಪವೇ ಬದಲಾಯಿತು. ಒಂದೊಂದೇ ರನ್ ಕೂಡಿಡುವ ಚತುರತೆಯ ಬದಲು ಬೇಲಿಯಾಚೆ ಹೊಡೆಯುವ ಬಲಕ್ಕೆ ಮಣೆ ಬಿತ್ತು.

ಬದುಕು ಮಾತ್ರ ಆಟದಷ್ಟು ಸರಾಗವಾಗಿರಲಿಲ್ಲ. ಊಟ, ಕುಡಿತ, ಖರ್ಚು ಯಾವುದಕ್ಕೂ ಮಿತಿಯಿರಲಿಲ್ಲ. 1925ರಲ್ಲಿ ಕಾಯಿಲೆ ಬಿದ್ದು ಶಸ್ತ್ರಚಿಕಿತ್ಸೆಯಾಯಿತು. ಅದೇ ವರ್ಷ ಅಶಿಸ್ತಿಗಾಗಿ ಮ್ಯಾನೇಜರ್ ಮಿಲರ್ ಹಗಿನ್ಸ್ 5,000 ಡಾಲರ್ ದಂಡ ವಿಧಿಸಿದರು. ಬೇರೆಯಾಗಿ ಬದುಕುತ್ತಿದ್ದ ಪತ್ನಿ ಹೆಲೆನ್ 1929ರ ಜನವರಿಯಲ್ಲಿ ಮನೆಗೆ ಬಿದ್ದ ಬೆಂಕಿಯಲ್ಲಿ ತೀರಿಕೊಂಡರು. ಅದೇ ಏಪ್ರಿಲ್‌ನಲ್ಲಿ ರೂತ್ ಅವರು ಕ್ಲೇರ್ ಹಾಡ್ಜ್‌ಸನ್ ಅವರನ್ನು ವರಿಸಿದರು.

ಎಡಗೈ ಮಾತ್ರ ಹಳೆಯ ವಿದ್ಯೆಯನ್ನು ಮರೆತಿರಲಿಲ್ಲ. ಯಾಂಕೀಸ್‌ನ 15 ವರ್ಷಗಳಲ್ಲಿ ರೂತ್ ಐದೇ ಐದು ಬಾರಿ ಪಿಚರ್ ಆದರು. ಐದೂ ಬಾರಿ ಗೆಲುವು ಅವರದೇ. ಕೊನೆಯದು 1933ರ ಅಕ್ಟೋಬರ್ 1ರಂದು, ಬಾಸ್ಟನ್ ವಿರುದ್ಧವೇ. 38ನೆಯ ವಯಸ್ಸಿನಲ್ಲಿ ಒಂಬತ್ತೂ ಇನ್ನಿಂಗ್ಸ್ ಎಸೆದು 6–5ರಿಂದ ಗೆದ್ದರು. ನಡುವೆ ಒಂದು ಹೋಮ್ ರನ್ ಕೂಡ ಹೊಡೆದರು. ಒಟ್ಟು ವೃತ್ತಿಬದುಕಿನಲ್ಲಿ ಪಿಚರ್ ಆಗಿ 94 ಗೆಲುವು, 46 ಸೋಲು.

ಸಿಗದೆ ಹೋದ ಪಟ್ಟ

1934ರ ಕೊನೆಯಲ್ಲಿ ಅಮೆರಿಕದ ತಾರೆಯರ ತಂಡದೊಂದಿಗೆ ರೂತ್ ಜಪಾನ್‌ಗೆ ಹೋದರು. ಟೋಕಿಯೊದ ಗಿಂಜಾ ಬೀದಿಯಲ್ಲಿ ಅವರನ್ನು ನೋಡಲು ಜನಸಾಗರ ಸೇರಿತು. ಅಲ್ಲಿ ಆಡಿದ ಪಂದ್ಯಗಳಲ್ಲಿ 13 ಹೋಮ್ ರನ್ ಹೊಡೆದರು. ಆ ಪ್ರವಾಸದ ಬೆನ್ನಿಗೇ ಟೋಕಿಯೊದಲ್ಲಿ ವೃತ್ತಿಪರ ತಂಡ ಹುಟ್ಟಿತು, 1936ರಲ್ಲಿ ಜಪಾನಿನ ವೃತ್ತಿಪರ ಲೀಗ್ ಆರಂಭವಾಯಿತು.

ತಾಯ್ನಾಡಿನಲ್ಲಿ ಮಾತ್ರ ರೂತ್ ಬಯಸಿದ್ದು ಕೈಗೂಡಲಿಲ್ಲ. ತಂಡವೊಂದರ ಮ್ಯಾನೇಜರ್ ಆಗಬೇಕೆಂಬುದು ಅವರ ಹಂಬಲ. ಕೆಳಹಂತದ ತಂಡವನ್ನು ನಡೆಸಿ ಅನುಭವ ಪಡೆಯಲಿ ಎಂದು ಯಾಂಕೀಸ್ ಸೂಚಿಸಿತು. ರೂತ್ ಒಪ್ಪಲಿಲ್ಲ. 1935ರಲ್ಲಿ ಬಾಸ್ಟನ್ ಬ್ರೇವ್ಸ್ ತಂಡ ಆಸೆ ತೋರಿಸಿ ಕರೆದೊಯ್ದಿತು. ಮೇ 25ರಂದು ಪಿಟ್ಸ್‌ಬರ್ಗ್‌ನಲ್ಲಿ ಒಂದೇ ದಿನ ಮೂರು ಹೋಮ್ ರನ್. ಕೊನೆಯದು ಮೈದಾನದ ಮಾಡನ್ನೂ ದಾಟಿ ಹೊರಬಿತ್ತು. ಅದೇ 714ನೆಯದು. ಒಂದು ವಾರದಲ್ಲಿ ನಿವೃತ್ತಿ. ಮರುವರ್ಷ ಬೇಸ್‌ಬಾಲ್‌ನ ಕೀರ್ತಿಶಾಲೆಗೆ ಆಯ್ಕೆಯಾದ ಮೊದಲ ಐವರಲ್ಲಿ ಅವರಿದ್ದರು. 1938ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ಅವರನ್ನು ಕೋಚ್ ಆಗಿ ನೇಮಿಸಿಕೊಂಡಿತು. ಅವರನ್ನು ನೋಡಲಾದರೂ ಜನ ಬರಲಿ ಎಂಬುದೇ ಅದರ ಹಿಂದಿನ ಲೆಕ್ಕ. ಮ್ಯಾನೇಜರ್ ಪಟ್ಟ ಕೊನೆಗೂ ಸಿಗಲಿಲ್ಲ.

1946ರಲ್ಲಿ ಗಂಟಲಿನ ಮೇಲ್ಭಾಗದ ಕ್ಯಾನ್ಸರ್ ಪತ್ತೆಯಾಯಿತು. ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ, ಅಂದಿಗಿನ್ನೂ ಪ್ರಯೋಗದ ಹಂತದಲ್ಲಿದ್ದ ಔಷಧ ಎಲ್ಲವೂ ನಡೆದವು. ದನಿ ಕರಕಲಾಯಿತು. 1948ರ ಆಗಸ್ಟ್ 16ರಂದು, 53ನೆಯ ವಯಸ್ಸಿನಲ್ಲಿ, ನ್ಯೂಯಾರ್ಕ್‌ನಲ್ಲಿ ನಿಧನರಾದರು. ಪಾರ್ಥಿವ ಶರೀರವನ್ನು ಯಾಂಕೀ ಕ್ರೀಡಾಂಗಣದಲ್ಲಿ ಇರಿಸಿದಾಗ ಸಹಸ್ರಾರು ಮಂದಿ ಸಾಲುಗಟ್ಟಿ ಅಂತಿಮ ನಮನ ಸಲ್ಲಿಸಿದರು.

ಇತಿಹಾಸದ ಇನ್ನೊಂದು ಮಗ್ಗುಲು

ಚೆಂಡು, ದಾಂಡು ಎರಡನ್ನೂ ಆಳಿದವರು ರೂತ್ ಒಬ್ಬರೇ ಎನ್ನುವುದು ಮಾತ್ರ ತಪ್ಪಾದೀತು. ರೂತ್ ಆಡಿದ ಲೀಗ್‌ನಲ್ಲಿ ಕರಿಯರಿಗೆ ಪ್ರವೇಶವಿರಲಿಲ್ಲ. ಆ ಗೋಡೆಯನ್ನು ಜ್ಯಾಕಿ ರಾಬಿನ್‌ಸನ್ ಒಡೆದದ್ದು 1947ರಲ್ಲಿ. ಗೋಡೆಯ ಆಚೆ, ಕರಿಯರ ಲೀಗ್‌ಗಳಲ್ಲಿ, ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್‌ನ ಬುಲೆಟ್ ರೋಗನ್ ವರ್ಷಗಟ್ಟಲೆ ಎಸೆಯುತ್ತಲೂ ಹೊಡೆಯುತ್ತಲೂ ಇದ್ದರು. ಕ್ಯೂಬಾದ ಮಾರ್ಟಿನ್ ದಿಹಿಗೊ ಎಸೆತದ ಜೊತೆಗೆ ಮೈದಾನದ ಬಹುತೇಕ ಎಲ್ಲ ಸ್ಥಾನಗಳಲ್ಲೂ ಆಡಿದರು. ಆಟಗಾರರ ಸಂಖ್ಯೆ ಕಡಿಮೆಯಿದ್ದ ಆ ತಂಡಗಳಲ್ಲಿ ಒಬ್ಬನೇ ಎರಡು ಕೆಲಸ ಮಾಡುವುದು ಹಲವು ಸಲ ಅನಿವಾರ್ಯವೂ ಆಗಿತ್ತು. ಇಬ್ಬರೂ ಕೀರ್ತಿಶಾಲೆ ಸೇರಿದ್ದು ಮರಣಾನಂತರ: ದಿಹಿಗೊ 1977ರಲ್ಲಿ, ರೋಗನ್ 1998ರಲ್ಲಿ.

ರೂತ್ ಬಳಿಕ ಆ ದಾರಿ ಮುಚ್ಚಿಯೇಹೋಯಿತು ಎಂದು ಬೇಸ್‌ಬಾಲ್ ಪಂಡಿತರು ತೀರ್ಮಾನಿಸಿದ್ದರು. 1973ರಲ್ಲಿ ಅಮೆರಿಕನ್ ಲೀಗ್, ಪಿಚರ್ ಬದಲು ಬೇರೊಬ್ಬ ದಾಂಡು ಹಿಡಿಯುವ ನಿಯಮವನ್ನೇ ತಂದಿತು. ಅದನ್ನು ಮತ್ತೆ ತೆರೆದದ್ದು, ರೂತ್ ಅವರನ್ನು ಹೊತ್ತು ಮೆರೆಸಿದ ಜಪಾನಿನಿಂದ ಬಂದ ಶೋಹೆಯ್ ಒಹ್ತಾನಿ. 2022ರಲ್ಲಿ ಅವರು 15 ಪಂದ್ಯಗಳನ್ನು ಪಿಚರ್ ಆಗಿ ಗೆದ್ದು 34 ಹೋಮ್ ರನ್ ಹೊಡೆದಾಗ, 1918ರ ಹಳೆಯ ಅಂಕಿಅಂಶಗಳನ್ನು ಎಲ್ಲರೂ ಮತ್ತೆ ತೆರೆದು ನೋಡಿದರು. ದಾಂಡಿನ ನೆರಳಿನಲ್ಲಿ ಮಸುಕಾಗಿದ್ದ ಪಿಚರ್ ರೂತ್ ಹೀಗೆ ಜನರ ನೆನಪಿಗೆ ಮರಳಿದರು.

ರೂತ್ ಎರಡು ದೋಣಿಗಳ ಮೇಲೆ ಕಾಲಿಟ್ಟರು. ಮುಳುಗಲಿಲ್ಲ; ಒಂದನ್ನು ಬಿಟ್ಟು ಇನ್ನೊಂದರಲ್ಲಿ ದಡ ಸೇರಿದರು. ಬಿಟ್ಟ ದೋಣಿ ಎಷ್ಟು ಗಟ್ಟಿಯಿತ್ತು ಎಂಬುದಕ್ಕೆ 1961ರ ಶರತ್ಕಾಲ ಸಾಕ್ಷಿ. ಆ ಅಕ್ಟೋಬರ್ 1ರಂದು ಯಾಂಕೀಸ್‌ನ ರೋಜರ್ ಮಾರಿಸ್ 61ನೆಯ ಹೋಮ್ ರನ್ ಹೊಡೆದು ರೂತ್ ಅವರ 60ರ ದಾಖಲೆ ಮುರಿದರು. ಜಗತ್ತೆಲ್ಲ ಅದನ್ನೇ ಮಾತಾಡಿತು. ಒಂದೇ ವಾರದ ಬಳಿಕ, ವಿಶ್ವ ಸರಣಿಯಲ್ಲಿ, ಯಾಂಕೀಸ್‌ನವರೇ ಆದ ಪಿಚರ್ ವೈಟಿ ಫೋರ್ಡ್ ಇನ್ನೊಂದು ದಾಖಲೆ ಮುರಿದರು. ಸತತವಾಗಿ ರನ್ ಕೊಡದ 29 ಚಿಲ್ಲರೆ ಇನ್ನಿಂಗ್ಸ್‌ಗಳ, 43 ವರ್ಷ ಹಳೆಯ ದಾಖಲೆ ಅದು. ಅದೂ ರೂತ್ ಅವರದೇ ಆಗಿತ್ತು.